ಹೆಸರು ತಿಳಿಯದೆ ಹಿತ್ತಲು ಸುಡಬೇಡಿ: ಒಂದು ಬಹಿರಂಗ ಪತ್ರ

ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳಲ್ಲಿ ಮನೆಯ ಹಿಂದೆ ಒಂದಿಷ್ಟು ನೆಲ ಉಳಿಸಿಕೊಂಡಿರುವ ಎಲ್ಲ ಅಣ್ಣಂದಿರಿಗೆ, ಅಕ್ಕಂದಿರಿಗೆ,



ಮುಂಗಾರಿನ ಎರಡು ಹದವಾದ ಮಳೆ ಬಿದ್ದರೆ ಸಾಕು, ನಿಮ್ಮ ಹಿತ್ತಲು ಹಸಿರಾಗುತ್ತದೆ. ಯಾರೂ ಬಿತ್ತಿದ್ದಲ್ಲ, ಯಾರೂ ನೀರು ಹಾಯಿಸಿದ್ದಲ್ಲ. ನೀರಿನ ತೊಟ್ಟಿಯ ಪಕ್ಕ, ಕಾಂಪೌಂಡಿನ ಬುಡ, ಬಟ್ಟೆ ಒಗೆಯುವ ಕಲ್ಲಿನ ಸುತ್ತ, ತೆಂಗಿನ ಪಾತಿ, ಎಲ್ಲಿ ಹಿಡಿ ಮಣ್ಣಿದೆಯೋ ಅಲ್ಲೆಲ್ಲ ಏನಾದರೊಂದು ಎದ್ದು ನಿಲ್ಲುತ್ತದೆ. ಅದನ್ನು ಕಂಡೊಡನೆ ಈಗ ನಮ್ಮ ಊರುಗಳಲ್ಲಿ ಕೇಳಿಬರುವ ಮಾತು ಒಂದೇ: "ಕಸ ಎದ್ದಿದೆ, ಔಷಧಿ ಹೊಡೆಸಿಬಿಡೋಣ." ಗೊಬ್ಬರದ ಅಂಗಡಿಯಿಂದ ಕ್ಯಾನು ಬರುತ್ತದೆ, ಬೆನ್ನಿಗೆ ಹಾಕಿಕೊಳ್ಳುವ ಪಂಪು ಯಾರದ್ದೋ ಮನೆಯಿಂದ ಬರುತ್ತದೆ, ಒಂದು ಬೆಳಗಿನಲ್ಲಿ ಕೆಲಸ ಮುಗಿಯುತ್ತದೆ. ವಾರ ಹತ್ತು ದಿನ ಕಳೆಯುವಷ್ಟರಲ್ಲಿ ಹಿತ್ತಲು ಬೆಂಕಿ ಬಿದ್ದ ಬಣ್ಣಕ್ಕೆ ತಿರುಗುತ್ತದೆ.

ಆ ಒಂದು ಬೆಳಗನ್ನು ಸ್ವಲ್ಪ ಮುಂದಕ್ಕೆ ಹಾಕಿ ಎಂದು ಕೇಳಿಕೊಳ್ಳಲು ಈ ಪತ್ರ. ಕಳೆ ಕೀಳಬೇಡಿ ಎಂದು ನಾನು ಹೇಳುತ್ತಿಲ್ಲ. ಕೀಳಲೇಬೇಕಾದ್ದು ಇದೆ, ಇವತ್ತೇ ಕೀಳಬೇಕಾದ್ದೂ ಇದೆ. ಅದು ಯಾವುದು, ಉಳಿದದ್ದು ಯಾವುದು ಎಂದು ಗುರುತು ಹಿಡಿಯದೆ ಇಡೀ ನೆಲಕ್ಕೆ ವಿಷ ಸುರಿಯುವುದನ್ನು ನಾನು ಒಪ್ಪಲಾರೆ.

ಗಣಪತಿ ಹಬ್ಬವನ್ನೇ ತೆಗೆದುಕೊಳ್ಳಿ. ದೇವರಿಗೆ ಏರಿಸುವ ಇಪ್ಪತ್ತೊಂದು ಪತ್ರೆಗಳಲ್ಲಿ ಗರಿಕೆ ಇದೆ, ಉತ್ತರಾಣಿ ಇದೆ, ಉಮ್ಮತ್ತಿ ಇದೆ, ಎಕ್ಕ ಇದೆ. ವಿಷ್ಣುಕ್ರಾಂತಿ ಇದೆ, ಕಡೂರು ಬಯಲಿನ ಕೆಂಪು ಮಣ್ಣಿನಲ್ಲಿ ನೆಲಕ್ಕೆ ಅಂಟಿಕೊಂಡು ಉಗುರಿನಷ್ಟು ನೀಲಿ ಹೂ ಬಿಡುತ್ತದಲ್ಲ, ಅದೇ. ಇವನ್ನೆಲ್ಲ ಯಾರೂ ಮಡಿ ಕಟ್ಟಿ ಬೆಳೆಯುವುದಿಲ್ಲ. ಪಟ್ಟಿ ಮಾಡಿದ ಹಿರಿಯರು ಮಳೆಗಾಲದ ನಡುವೆ ಮನೆಯ ಸುತ್ತ ಕೈಗೆ ಸಿಗುವುದನ್ನೇ ದೇವರಿಗೆ ಕೊಟ್ಟರು. ನಾವು ಹಬ್ಬಕ್ಕೆ ಮನೆಯ ಸುತ್ತ ಚೊಕ್ಕಟವಾಗಿರಲಿ ಎಂದು ಅವಕ್ಕೆಲ್ಲ ಕಳೆನಾಶಕ ಹೊಡೆಸುತ್ತೇವೆ, ಹಬ್ಬದ ಹಿಂದಿನ ಸಂಜೆ ಬೀರೂರಿನಲ್ಲೋ ತರೀಕೆರೆಯಲ್ಲೋ ಬೀದಿಬದಿಯಲ್ಲಿ ನಿಂತು ಪತ್ರೆಯ ಕಟ್ಟಿಗೆ ಚೌಕಾಸಿ ಮಾಡುತ್ತೇವೆ. ಇದನ್ನು ನೋಡುವಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಗುರುತು ಯಾರಿಗೆ ಗೊತ್ತಿದೆ ಎಂದು ಕೇಳಿದರೆ, ನಮ್ಮ ಕಡೆ ಉತ್ತರ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ರಾಗಿ ಹೊಲದಲ್ಲಿ ಸಾಲು ಹಿಡಿದು ಕಳೆ ಕೀಳುವ ಹೆಂಗಸರನ್ನು ನೋಡಿ. ಕಿತ್ತದ್ದರಲ್ಲಿ ಒಂದಿಷ್ಟು ಬದುವಿಗೆ ಹೋಗುತ್ತದೆ, ಒಂದಿಷ್ಟು ಮಡಿಲಿಗೆ ಹೋಗುತ್ತದೆ. ಕೈ ನಿಲ್ಲುವುದಿಲ್ಲ, ಮಾತೂ ನಿಲ್ಲುವುದಿಲ್ಲ, ಆದರೂ ತಪ್ಪುವುದಿಲ್ಲ. ಮಡಿಲಿಗೆ ಹೋದದ್ದರಲ್ಲಿ ಅಣ್ಣೆ ಸೊಪ್ಪು, ಗೋಣಿ ಸೊಪ್ಪು, ಕೀರೆ, ಹೊನಗೊನ್ನೆ, ಕನ್ನೆ, ಗಣಿಕೆ, ಚೆಂಚಲಿ, ಎಳೆಯ ಕೊಮ್ಮೆ ಎಲ್ಲ ಇರುತ್ತವೆ. ಸಂಜೆಗೆ ಅದೇ ಬೆರಕೆ ಸೊಪ್ಪು. ಕಾಳಿನ ಜೊತೆ ಬೇಯಿಸಿ ಬಸಿದರೆ ಬಸ್ಸಾರು, ಬೇಳೆಯ ಜೊತೆ ಮಸೆದರೆ ಮಸ್ಸೊಪ್ಪು, ಜೊತೆಗೆ ಬಿಸಿ ಮುದ್ದೆ. ಒಂದೇ ಸೊಪ್ಪಿನ ಸಾರಿಗೆ ಆ ರುಚಿ ಬರುವುದಿಲ್ಲ. ಗಿಡ ಎರಡು ಎಲೆಯಲ್ಲಿರುವಾಗಲೇ ಹೆಸರು ಹೇಳಬಲ್ಲ ಈ ಅಕ್ಕಂದಿರು, ಅವ್ವಂದಿರು ನಮ್ಮ ತಾಲ್ಲೂಕಿನ ನಿಜವಾದ ಸಸ್ಯಶಾಸ್ತ್ರಜ್ಞರು. ಚಿಕ್ಕಮಗಳೂರು ಜಿಲ್ಲೆಯ ಸಸ್ಯಸಂಪತ್ತಿನ ಬಗ್ಗೆ ಯೋಗನರಸಿಂಹನ್, ಸುಬ್ರಹ್ಮಣ್ಯಂ ಮತ್ತು ರಾಝಿ ಅವರು ಸಿದ್ಧಪಡಿಸಿದ ದೊಡ್ಡ ಇಂಗ್ಲಿಷ್ ಗ್ರಂಥ 1980ರ ದಶಕದ ಮೊದಲಲ್ಲೇ ಬಂದಿದೆ. ಅದರ ಮೇಲೆ ನನಗೆ ಬಹಳ ಗೌರವ. ಆದರೆ ಅದು ನಿಮ್ಮ ಮನೆಗೆ ಬಂದು ನಿಮ್ಮ ಜೊತೆ ಹಿತ್ತಲಲ್ಲಿ ಕುಕ್ಕರುಗಾಲಲ್ಲಿ ಕೂರುವುದಿಲ್ಲ. ಪಕ್ಕದ ಮನೆಯ ಅಜ್ಜಿ ಕೂರುತ್ತಾರೆ.

ಹೊಲಕ್ಕೇ ಕಳೆನಾಶಕ ಬಂದ ಮೇಲೆ ಆ ಸಾಲುಗಳು ಕಡಿಮೆಯಾದವು. ಕೂಲಿಗೆ ಜನ ಸಿಗುವುದಿಲ್ಲ ಎಂಬ ರೈತರ ಕಷ್ಟ ಸುಳ್ಳಲ್ಲ, ಆ ವಾದಕ್ಕೆ ನಾನು ಇಲ್ಲಿ ಹೋಗುವುದಿಲ್ಲ. ಎಕರೆಗಟ್ಟಲೆ ಈರುಳ್ಳಿ ಹಾಕಿದವರ ಲೆಕ್ಕ ಬೇರೆ. ಮನೆಯ ಹಿಂದಿನ ಒಂದೆರಡು ಗುಂಟೆಗೆ ಆ ಸಬೂಬು ಸಲ್ಲದು.

ಈಗ ಗುರುತಿನ ವಿಷಯಕ್ಕೆ ಬರುತ್ತೇನೆ. ಎಲ್ಲವನ್ನೂ ಹೇಳಲು ಪತ್ರ ಸಾಲದು. ಎಲ್ಲಿ ಎಡವುತ್ತೇವೋ ಅಂಥವನ್ನು ಮಾತ್ರ ಹೇಳುತ್ತೇನೆ.

ಗೋಣಿ ಸೊಪ್ಪು ಎಲ್ಲರಿಗೂ ಗೊತ್ತು ಎಂದುಕೊಳ್ಳುತ್ತೇವೆ. ನೆಲದ ಮೇಲೆ ಹರಡುವ ಕೆಂಪು ಕಾಂಡ, ದಪ್ಪನೆಯ ನೀರೂರಿದ ಎಲೆ, ಬೆಳಗಿನ ಹೊತ್ತು ಬಿರಿಯುವ ಪುಟ್ಟ ಹಳದಿ ಹೂ. ಅದರ ಪಕ್ಕದಲ್ಲೇ, ಅದೇ ರೀತಿ ನೆಲ ಹಿಡಿದು, ಅದೇ ಕೆಂಪು ಕಾಂಡದಲ್ಲಿ ಇನ್ನೊಂದು ಗಿಡ ಹರಡಿರುತ್ತದೆ. ಅದು ಅಚ್ಚೆಗಿಡದ ಜಾತಿಯದು. ಎಲೆ ತೆಳು, ಕಾಂಡ ದಾರದಷ್ಟು ಸಣ್ಣ. ಅನುಮಾನ ಬಂದರೆ ಕಾಂಡ ಮುರಿಯಿರಿ. ಬಿಳಿ ಹಾಲು ಒಸರಿದರೆ ಅದು ಸಾರಿನ ಸೊಪ್ಪಲ್ಲ, ಆಚೆ ಹಾಕಿ. ಗೋಣಿ ಸೊಪ್ಪನ್ನು ಮುರಿದರೆ ನೀರು ಬರುತ್ತದೆಯೇ ಹೊರತು ಹಾಲು ಬರುವುದಿಲ್ಲ. ಮೀನಿನೆಣ್ಣೆಯಲ್ಲಿ ಸಿಗುವ ಒಮೆಗಾ-3 ಎಂಬ ಕೊಬ್ಬಿನಾಂಶದ ಬಗೆಯೊಂದು ಸೊಪ್ಪುಗಳ ಪೈಕಿ ಗೋಣಿ ಸೊಪ್ಪಿನಲ್ಲಿ ಹೇರಳವಾಗಿದೆ. ಆದರೆ ಆಕ್ಸಲೇಟ್ ಅಂಶವೂ ಜಾಸ್ತಿ, ಕಿಡ್ನಿಯಲ್ಲಿ ಕಲ್ಲಾಗುವವರು ದಿನಾ ತಿನ್ನಬಾರದು.

ಹಾಲಿನ ಪರೀಕ್ಷೆ ಇನ್ನೊಂದು ಕಡೆಯೂ ನೆರವಿಗೆ ಬರುತ್ತದೆ. ಬೂದು ಹಸಿರಿನ ಮುಳ್ಳು ಮುಳ್ಳು ಎಲೆ, ಬಿಳಿ ನರ, ಕಾಗದದಂಥ ಹಳದಿ ಹೂವಿನ ಗಿಡವೊಂದು ಒಣನೆಲದಲ್ಲಿ, ಖಾಲಿ ಸೈಟುಗಳಲ್ಲಿ ಬೇಸಿಗೆಯ ಮೊದಲಿಗೆ ಎದ್ದಿರುತ್ತದೆ. ಅರಿಸಿನ ಉಮ್ಮತ್ತಿ ಎನ್ನುತ್ತಾರೆ. ಮುರಿದರೆ ಬರುವುದು ಹಳದಿ ರಸ. ಇದರ ಕಪ್ಪು ಬೀಜ ಸಾಸಿವೆಯ ಹಾಗೇ ಕಾಣುತ್ತದೆ. ಸಾಸಿವೆ ಎಣ್ಣೆಗೆ ಈ ಬೀಜದ ಎಣ್ಣೆ ಬೆರೆತು 1998ರಲ್ಲಿ ದೆಹಲಿಯಲ್ಲಿ 60ಕ್ಕೂ ಹೆಚ್ಚು ಜನ ಸತ್ತರು. ಮಕ್ಕಳಿರುವ ಮನೆಯ ಹಿತ್ತಲಲ್ಲಿ ಇದು ಬೀಜ ಕಟ್ಟುವವರೆಗೆ ಬಿಡಬೇಡಿ.

ಗಣಿಕೆ ಮತ್ತು ಉಮ್ಮತ್ತಿ ಎಳೆಯದರಲ್ಲಿ ಅಣ್ಣತಮ್ಮಂದಿರಂತೆ ಇರುತ್ತವೆ. ಕುಟುಂಬವೂ ಒಂದೇ, ಬದನೆಯದು. ಗಣಿಕೆಗೆ ಬಿಳಿಯ ನಕ್ಷತ್ರದಂಥ ಸಣ್ಣ ಹೂಗೊಂಚಲು, ಆಮೇಲೆ ಮೆಣಸಿನ ಕಾಳಿನಷ್ಟು ಹಣ್ಣು. ಉಮ್ಮತ್ತಿಗೆ ಉದ್ದನೆಯ ತುತ್ತೂರಿ ಹೂ, ಮುಳ್ಳಿನ ಉಂಡೆಯಂಥ ಕಾಯಿ. ಹೂವು ಕಾಯಿ ಬಂದ ಮೇಲೆ ಮಗುವೂ ಗುರುತಿಸುತ್ತದೆ. ಅಪಾಯ ಇರುವುದು ಅದಕ್ಕೂ ಮೊದಲು, ಸೊಪ್ಪು ಕೊಯ್ಯುವ ಎಳೆ ವಯಸ್ಸಿನಲ್ಲಿ. ಉಮ್ಮತ್ತಿಯ ಎಲೆ ಹಿಸುಕಿದರೆ ಕೆಟ್ಟ ವಾಸನೆ, ಎಲೆಯ ಬುಡ ತೊಟ್ಟಿನ ಎರಡು ಕಡೆ ಒಂದೇ ಸಮ ಇರುವುದಿಲ್ಲ. ಅದರಲ್ಲಿರುವ ಅಟ್ರೋಪಿನ್, ಸ್ಕೋಪೊಲಮಿನ್ ಎಂಬ ವಿಷಗಳು ಬಾಯಿ ಒಣಗಿಸಿ, ಬುದ್ಧಿ ಕದಡಿ, ಜೀವಕ್ಕೇ ತರುತ್ತವೆ. ಹೂ ಕಾಣುವವರೆಗೆ ಗಣಿಕೆ ಎಂದು ನಂಬಿ ಅಡುಗೆಗೆ ಇಳಿಸಬೇಡಿ. ಗಣಿಕೆಯ ಹಸಿರು ಕಾಯಿಯನ್ನೂ ತಿನ್ನಬಾರದು, ಪೂರ್ತಿ ಕಪ್ಪಾದ ಹಣ್ಣನ್ನು ಮಾತ್ರ ಮಕ್ಕಳು ತಿನ್ನುವುದು ರೂಢಿ.

ಹೊನಗೊನ್ನೆಗೂ ಒಬ್ಬ ಸುಳ್ಳು ನೆಂಟ ಇದ್ದಾನೆ. ನಿಜವಾದ ಹೊನಗೊನ್ನೆಗೆ ಎಲೆಯ ಕಂಕುಳಲ್ಲಿ ಮೆತ್ತನೆಯ ಬಿಳಿ ಹೂಗುಚ್ಛ. ತೇವ ಇರುವ ಕಡೆ, ಬಚ್ಚಲ ನೀರು ಹರಿಯುವ ಕಡೆ ಬೆಳೆಯುತ್ತದೆ. ಒಣ ಹಾದಿಯಲ್ಲಿ ನೆಲಕ್ಕೆ ಅಂಟಿ ಬೆಳೆದ, ಗುಚ್ಛ ಮುಟ್ಟಿದರೆ ಕೈಗೆ ಚುಚ್ಚುವುದು ಅದರ ವಿದೇಶಿ ಬಂಧು. ಗರುಗದ್ದು ಬಹಳ ಸುಲಭ. ಚಿಕ್ಕ ಬಿಳಿ ಹೂವಿನ ಈ ಗಿಡದ ಎಲೆಯನ್ನು ಅಂಗೈಯಲ್ಲಿ ಉಜ್ಜಿ ಒಂದು ಗಳಿಗೆ ಕಾಯಿರಿ, ಕೈ ಕಪ್ಪಾಗುತ್ತದೆ. ತಲೆಗೆ ಹಚ್ಚುವ ಎಣ್ಣೆಯ ಬಾಟಲಿ ಮೇಲೆ ಭೃಂಗರಾಜ ಎಂದು ಅಚ್ಚಾಗಿರುವುದು ಇದೇ ಗಿಡ. ತುಂಬೆಯನ್ನು ಯಾರಿಗೂ ಹೇಳಿಕೊಡಬೇಕಿಲ್ಲ. ಗುರುತು ಬೇಕೆಂದರೆ ಕಾಂಡ ಹಿಡಿದು ಉರುಳಿಸಿ ನೋಡಿ, ನಾಲ್ಕು ಮೂಲೆ ಸಿಗುತ್ತದೆ. ಶಿವನಿಗೆ ಪ್ರಿಯವಾದ ಈ ಹೂವಿನ ಸುತ್ತ ಜೇನ್ನೊಣ ಇಲ್ಲದ ಬೆಳಗನ್ನು ನಾನು ಕಂಡಿಲ್ಲ.

ನೆಲನೆಲ್ಲಿಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಇಲ್ಲಿ ಪ್ರಾಣದ ಪ್ರಶ್ನೆ ಇದೆ. ಕಾಮಾಲೆ ಎಂದರೆ ನೆಲನೆಲ್ಲಿ ಅರೆದು ಕುಡಿಸುವುದು ನಮ್ಮಲ್ಲಿ ಹಳೆಯ ಪದ್ಧತಿ. ಎಲೆಯ ಕಡ್ಡಿಯ ಅಡಿಯಲ್ಲಿ ಸಾಲಾಗಿ ತೂಗುವ ಸಾಸಿವೆ ಗಾತ್ರದ ಕಾಯಿಗಳೇ ಅದರ ಗುರುತು. ಅದೇ ಗುಂಪಿನ ಮೂರು ನಾಲ್ಕು ಬಗೆ ನಮ್ಮ ಹಿತ್ತಲಲ್ಲಿವೆ, ಎಲ್ಲವನ್ನೂ ನಾವು ನೆಲನೆಲ್ಲಿ ಎಂದೇ ಕರೆಯುತ್ತೇವೆ. 1988ರಲ್ಲಿ ಮದ್ರಾಸಿನ ಎಸ್.ಪಿ. ತ್ಯಾಗರಾಜನ್ ಮತ್ತು ಸಂಗಡಿಗರು, ಹೆಪಟೈಟಿಸ್ ಬಿ ವೈರಸ್ಸನ್ನು ಕಂಡುಹಿಡಿದು ನೊಬೆಲ್ ಪಡೆದ ಬರೂಚ್ ಬ್ಲಂಬರ್ಗ್ ಜೊತೆಗೂಡಿ, ಇದರ ಪರಿಣಾಮದ ಬಗ್ಗೆ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬರೆದರು. ಲೋಕದ ಕಣ್ಣೆಲ್ಲ ನಮ್ಮ ಹಿತ್ತಲ ಗಿಡದ ಮೇಲೆ ಬಿತ್ತು. ಆಮೇಲೆ ಬೇರೆ ದೇಶಗಳಲ್ಲಿ ನಡೆದ ಪರೀಕ್ಷೆಗಳಲ್ಲಿ ಅಂಥದೇ ಫಲ ಸಿಗಲಿಲ್ಲ. ಹಾಗಾಗಿ ಕಣ್ಣು ಹಳದಿಯಾದರೆ ಮೊದಲು ರಕ್ತ ಪರೀಕ್ಷೆ ಮಾಡಿಸಿ, ವೈದ್ಯರನ್ನು ಕಾಣಿ. ಗಿಡವನ್ನು ಉಳಿಸಿಕೊಳ್ಳಿ, ಅದರ ಮೇಲೆ ಇನ್ನೂ ಕೆಲಸ ನಡೆಯಬೇಕಾಗಿದೆ. ಗಿಡ ಗುರುತಿಸುವುದು ಬೇರೆ, ಅದರಿಂದ ಮದ್ದು ಮಾಡುವುದು ಬೇರೆ. ಮೊದಲನೆಯದನ್ನು ಎಲ್ಲರೂ ಕಲಿಯಬೇಕು, ಎರಡನೆಯದನ್ನು ಬಲ್ಲವರಿಗೆ ಬಿಡಬೇಕು.

ಇನ್ನು, ನಾನು ಯಾವ ಕರುಣೆಯನ್ನೂ ತೋರಿಸದ ಗಿಡದ ಮಾತು. ಪಾರ್ಥೇನಿಯಂ, ನಾವು ಕಾಂಗ್ರೆಸ್ ಗಿಡ ಎನ್ನುವುದು. ಅಮೆರಿಕ ಖಂಡದ ಉಷ್ಣ ಭಾಗಗಳ ಈ ಗಿಡ 1950ರ ದಶಕದ ನಡುವೆ ಪುಣೆಯಲ್ಲಿ ಮೊದಲು ಕಣ್ಣಿಗೆ ಬಿತ್ತು. ಆಮದಾದ ಗೋಧಿಯ ಜೊತೆ ಬಂದಿತೆಂದು ಹೇಳುತ್ತಾರೆ. ಇವತ್ತು ಕಡೂರಿನಿಂದ ಬೀರೂರಿನವರೆಗೆ ರೈಲು ಹಳಿಯ ಪಕ್ಕ, ಅಜ್ಜಂಪುರದ ರಸ್ತೆಬದಿ, ತರೀಕೆರೆಯ ಖಾಲಿ ಸೈಟು, ಎಲ್ಲಿ ನೆಲ ಕೆದಕಿದೆಯೋ ಅಲ್ಲೆಲ್ಲ ಅದರದ್ದೇ ದರ್ಬಾರು. ಒಂದು ಗಿಡ ಸಾವಿರಗಟ್ಟಲೆ ಬೀಜ ಉದುರಿಸುತ್ತದೆ. ಮೊಳೆತ ಒಂದು ತಿಂಗಳಿಗೆಲ್ಲ ಹೂ ಬಿಡಲು ಶುರು. ನೀರಿದ್ದರೆ ವರ್ಷದಲ್ಲಿ ಹಲವು ಪೀಳಿಗೆ. ಅದರ ಬೇರು ಎಲೆಗಳಿಂದ ಇಳಿಯುವ ಪಾರ್ಥೇನಿನ್ ಪಕ್ಕದ ಗಿಡ ಮೊಳೆಯದಂತೆ ತಡೆಯುತ್ತದೆ. ಮುಟ್ಟಿದವರಿಗೆ ಚರ್ಮ ಕೆಂಪೇರಿ ತುರಿಕೆ, ಪರಾಗಕ್ಕೆ ಉಬ್ಬಸ, ಮೇದ ಹಸುವಿನ ಹಾಲು ಕಹಿ.

ಅದನ್ನು ಎಳೆಯದರಲ್ಲೇ ಗುರುತಿಸಬೇಕು. ಮೊದಲು ಅದು ಕಾಂಡವಿಲ್ಲದೆ ನೆಲಕ್ಕೆ ಚಕ್ರದಂತೆ ಮಲಗಿರುತ್ತದೆ, ಎಲೆ ಕ್ಯಾರೆಟ್ ಎಲೆಯ ಹಾಗೆ ಸೀಳು ಸೀಳು. ಕೀಳುವುದಕ್ಕೆ ಇದೇ ಹೊತ್ತು. ಮಳೆ ಬಿದ್ದ ಮಾರನೆಯ ದಿನ ಮಣ್ಣು ಸಡಿಲ ಇರುವಾಗ, ಕೈಗೆ ಗ್ಲೌಸೋ ಪ್ಲಾಸ್ಟಿಕ್ ಕವರೋ ಹಾಕಿಕೊಂಡು, ಬೇರು ಸಮೇತ ತೆಗೆಯಿರಿ. ಮೇಲೆ ಮೇಲೆ ಕುಡುಗೋಲು ಬೀಸಿದರೆ ಬುಡದಿಂದ ಮತ್ತೆ ಕವಲೊಡೆಯುತ್ತದೆ. ಹೂ ಬರುವ ಮೊದಲು ಕಿತ್ತದ್ದನ್ನು ಗೊಬ್ಬರದ ಗುಂಡಿಗೆ ಹಾಕಬಹುದು. ಹೂ ಬಂದ ಮೇಲೆ ಹಾಕಿದರೆ ಬೀಜವನ್ನು ನೀವೇ ತೋಟಕ್ಕೆಲ್ಲ ಎರಚಿದಂತಾಗುತ್ತದೆ. ಚರ್ಮದ ತೊಂದರೆ, ಉಬ್ಬಸ ಇದ್ದವರು ಈ ಕೆಲಸಕ್ಕೆ ಇಳಿಯಬೇಡಿ, ಮನೆಯ ಬೇರೆಯವರಿಗೆ ಹೇಳಿ.

ಪತ್ರೆ ಕೊಯ್ಯುವವರಿಗೆ ಇಲ್ಲೊಂದು ಎಚ್ಚರಿಕೆ. ಮಾಚಿಪತ್ರೆಯ ಎಲೆಯೂ ಹೀಗೇ ಸೀಳಿರುತ್ತದೆ. ಎಲೆ ತಿರುಗಿಸಿ ನೋಡಿ. ಮಾಚಿಪತ್ರೆಯ ಬೆನ್ನು ಬೂದಿ ಬಳಿದಂತೆ ಬೆಳ್ಳಗಿರುತ್ತದೆ, ಹಿಸುಕಿದರೆ ಒಳ್ಳೆಯ ಘಮ. ಪಾರ್ಥೇನಿಯಂಗೆ ಎರಡೂ ಇಲ್ಲ.

ಪಾರ್ಥೇನಿಯಂಗೆ ಒಬ್ಬ ಶತ್ರುವನ್ನೂ ಕರೆತಂದಿದ್ದಾರೆ. ಕೆನೆ ಬಣ್ಣದ ಬೆನ್ನ ಮೇಲೆ ಕಂದು ಗೆರೆಗಳಿರುವ ಪುಟ್ಟ ದುಂಡು ದುಂಬಿ, ಊರು ಮೆಕ್ಸಿಕೊ. ಇದನ್ನು ತರಿಸಿ ಪರೀಕ್ಷಿಸಿ 1984ರಲ್ಲಿ ಬೆಂಗಳೂರಿನಲ್ಲಿ ಬಿಡುಗಡೆ ಮಾಡಿದರು. ಮಧ್ಯೆ, ಸೂರ್ಯಕಾಂತಿಯ ಎಲೆಯನ್ನೂ ತಿನ್ನುತ್ತದೆ ಎಂಬ ಗುಲ್ಲೆದ್ದು ಪರಿಶೀಲನೆ ನಡೆದು, ಭಯಪಡುವಂಥದ್ದಿಲ್ಲ ಎಂದಾಯಿತು. ಮಳೆಗಾಲದಲ್ಲಿ ಈ ದುಂಬಿ, ಅದರ ಮರಿಹುಳು ಎರಡೂ ಪಾರ್ಥೇನಿಯಂ ಎಲೆಯನ್ನು ಜರಡಿ ಮಾಡುತ್ತವೆ. ಒಣಗಾಲದಲ್ಲಿ ಮಣ್ಣಿನಡಿ ಸೇರಿ ಮಲಗುತ್ತವೆ. ನಿಮ್ಮ ಹಿತ್ತಲಲ್ಲಿ ಅದನ್ನು ಕಂಡರೆ ಹೊಸಕಬೇಡಿ, ಅದು ಇರುವ ನೆಲಕ್ಕೆ ಕೀಟನಾಶಕ ಸಿಂಪಡಿಸಬೇಡಿ.

ಪರದೇಶದ್ದೆಲ್ಲ ಕೆಟ್ಟದ್ದು, ನಮ್ಮದೆಲ್ಲ ಒಳ್ಳೆಯದು ಎಂದು ನಾನು ಹೇಳುತ್ತಿಲ್ಲ. ಬಿ.ಜಿ.ಎಲ್. ಸ್ವಾಮಿಯವರು 'ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ' ಎಂಬ ಪುಸ್ತಕ ಬರೆದು ನಮ್ಮ ತಟ್ಟೆಯ ಮೇಲಿರುವುದರ ಊರು ಯಾವುದೆಂದು ತೋರಿಸಿಕೊಟ್ಟರು. ಹಿತ್ತಲಿನ ಕಥೆಯೂ ಅದೇ. ಮುಟ್ಟಿದರೆ ಮುನಿ, ಲಂಟಾನ, ನಾವು ಗಾಯಕ್ಕೆ ಹಿಂಡುವ ಟ್ರೈಡ್ಯಾಕ್ಸ್, ಊರಾಲ ಗಿಡ, ಅರಿಸಿನ ಉಮ್ಮತ್ತಿ ಇವೆಲ್ಲ ಅಮೆರಿಕ ಖಂಡದಿಂದ ಬಂದವು. ಟ್ರೈಡ್ಯಾಕ್ಸ್ ಉದ್ದನೆಯ ಒಂಟಿ ತೊಟ್ಟಿನ ತುದಿಯಲ್ಲಿ ಹಳದಿ ನಡುವಿನ, ಮಾಸಲು ಬಿಳಿ ಎಸಳಿನ ಹೂ ಬಿಟ್ಟು ಯಾರ ತಂಟೆಗೂ ಹೋಗದೆ ಚಿಟ್ಟೆಗಳನ್ನು ಸಾಕುತ್ತಿದೆ, ಇರಲಿ ಬಿಡಿ. ಲಂಟಾನವನ್ನು ಹಾಗೆ ಬಿಡಲಾಗದು. ಹತ್ತೊಂಬತ್ತನೆಯ ಶತಮಾನದ ಮೊದಲಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಅಲಂಕಾರಕ್ಕೆಂದು ತಂದದ್ದು ಇವತ್ತು ನಮ್ಮ ಗುಡ್ಡಗಳನ್ನು ಮುಚ್ಚಿದೆ, ಮೇದ ದನದ ಯಕೃತ್ತನ್ನು ಕೆಡಿಸುತ್ತದೆ. ಹೂ ಚೆಂದ ಇದೆ ಎಂದು ಬೇಲಿಗೆ ನೆಡುವವರು ಇದನ್ನು ನೆನಪಿಡಬೇಕು.

ನಮ್ಮ ಮೂರು ತಾಲ್ಲೂಕುಗಳಿಗೆ ಈ ವಿಷಯ ಬೇರೆಯವರಿಗಿಂತ ಹತ್ತಿರದ್ದು. ಅಜ್ಜಂಪುರದಲ್ಲಿ ಅಮೃತಮಹಲ್ ತಳಿಯ ಸಂವರ್ಧನಾ ಕೇಂದ್ರವಿದೆ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆಚಾವಡಿ ಎಂಬ ಅರಮನೆಯ ದನಗಳ ಇಲಾಖೆ ಟಿಪ್ಪುವಿನ ಕಾಲಕ್ಕೆ ಅಮೃತಮಹಲ್ ಆಯಿತು, ಅದರ ದನಗಳಿಗೆಂದು ಬಿಟ್ಟ ಹುಲ್ಲುಗಾವಲುಗಳೇ ನಮ್ಮ ಕಾವಲುಗಳು. ಕಡೂರು ತಾಲ್ಲೂಕಿನ ಬಾಸೂರು ಕಾವಲನ್ನು ಕೃಷ್ಣಮೃಗಗಳ ಸಲುವಾಗಿ 2011ರಲ್ಲಿ ಸಂರಕ್ಷಣಾ ಮೀಸಲು ಎಂದು ಘೋಷಿಸಿದರು. ಹುಲ್ಲಿನ ಮೇಲೆ ಬದುಕುವ ದನಕ್ಕೂ ಜಿಂಕೆಗೂ ಪಾರ್ಥೇನಿಯಂ, ಲಂಟಾನ, ಬಳ್ಳಾರಿ ಜಾಲಿ ಇವುಗಳಷ್ಟು ದೊಡ್ಡ ಶತ್ರು ಇನ್ನೊಂದಿಲ್ಲ. ಬೀಜಕ್ಕೆ ಕಾವಲಿನ ಬೇಲಿ ಯಾವ ಲೆಕ್ಕ? ಗಾಳಿಯಲ್ಲಿ, ಹರಿಯುವ ನೀರಿನಲ್ಲಿ, ಲಾರಿಯ ಚಕ್ರದ ಮಣ್ಣಿನಲ್ಲಿ ನಿಮ್ಮ ಹಿತ್ತಲಿನ ಪಾರ್ಥೇನಿಯಂ ಅಲ್ಲಿಗೆ ಹೋಗುತ್ತದೆ. ನೀವು ಹೂಬಿಡುವ ಮೊದಲು ಕಿತ್ತ ಒಂದೊಂದು ಗಿಡವೂ ಆ ಹುಲ್ಲಿಗೆ ಮಾಡಿದ ಉಪಕಾರ.

ತರೀಕೆರೆ ಕಡೆಯ ಚಿತ್ರ ಬೇರೆ. ಲಕ್ಕವಳ್ಳಿಯ ಭದ್ರಾ ಅಣೆಕಟ್ಟಿನ ನೀರು, ಮಲೆನಾಡಿನ ಸೆರಗಿನ ಮಳೆ, ಅಡಿಕೆ ತೋಟದ ನೆರಳು. ಅಲ್ಲಿನ ನೆಲದಲ್ಲಿ ಒಂದೆಲಗ, ಕನ್ನೆ, ಗರುಗ ತಾವಾಗಿ ಹಬ್ಬುತ್ತವೆ. ಕನ್ನೆಯನ್ನು ತೋಟದವರು ಶಪಿಸುವುದಕ್ಕೆ ಕಾರಣ ಇದೆ. ಮೇಲೆ ನೀಲಿ ಹೂ ಬಿಡುವುದಲ್ಲದೆ ಮಣ್ಣಿನ ಒಳಗೂ ಹೂ ಬಿಟ್ಟು ಬೀಜ ಕಟ್ಟುತ್ತದೆ, ತುಂಡಾದ ಕಾಂಡ ಗಿಣ್ಣಿನಲ್ಲಿ ಬೇರು ಬಿಡುತ್ತದೆ. ಆದರೂ ಜೋರು ಮಳೆ ಹೊಡೆಯುವಾಗ ಇಳಿಜಾರಿನ ಮೇಲ್ಮಣ್ಣನ್ನು ಹಿಡಿದುಕೊಳ್ಳುವುದು ಈ ಹಸಿರು ಹಾಸೇ. ಪೂರ್ತಿ ಬೋಳು ಮಾಡಿದ ತೋಟದ ಕೆಂಪು ನೀರು ಹಳ್ಳಕ್ಕೆ ಇಳಿಯುವುದನ್ನು ನೀವೂ ನೋಡಿದ್ದೀರಿ. ಸೊಂಟದೆತ್ತರ ಬೆಳೆದರೆ ಸವರಿ ಬುಡಕ್ಕೆ ಮುಚ್ಚಿಗೆ ಹಾಕಿ, ಸುಡಬೇಡಿ.

ಜೇಕಿನ ಬಗ್ಗೆ ಒಂದೆರಡು ಮಾತು ಸಾಕು. ಕೊನ್ನಾರಿ, ತುಂಗೆ ಎಂದೂ ಕರೆಯುವ ಇದು ಹುಲ್ಲಿನಂತೆ ಕಂಡರೂ ಹುಲ್ಲಲ್ಲ. ಕಾಂಡ ಮೂರು ಮೂಲೆಯದು, ಬೆರಳಲ್ಲಿ ಉರುಳಿಸಿದರೆ ತಿಳಿಯುತ್ತದೆ. 1977ರಲ್ಲಿ ಹೋಲ್ಮ್ ಎಂಬ ವಿಜ್ಞಾನಿ ಮತ್ತು ಸಂಗಡಿಗರು ಜಗತ್ತಿನ ಕೆಟ್ಟ ಕಳೆಗಳ ಬಗ್ಗೆ ಬರೆದ ಗ್ರಂಥದಲ್ಲಿ ಮೊದಲ ಸ್ಥಾನ ಕೊಟ್ಟದ್ದು ಇದಕ್ಕೇ. ಮೇಲಿನ ಎಲೆ ಕಿತ್ತಷ್ಟೂ ಕೆಳಗೆ ಸರಪಣಿಯಂತೆ ಹಬ್ಬಿದ ಗಡ್ಡೆಗಳು ಮತ್ತೆ ಚಿಗುರುತ್ತವೆ. ಬೇಸಿಗೆಯಲ್ಲಿ ಅಗೆದು ಗಡ್ಡೆಗಳನ್ನು ಮೇಲೆ ತಂದು ಬಿಸಿಲಿಗೆ ಹಾಕಿ. ಒಂದು ವರ್ಷದಲ್ಲಿ ಮುಗಿಯುವ ಕೆಲಸವಲ್ಲ. ಮುಗಿಯುವವರೆಗೆ ಒಣಗಿಸಿದ ಗಡ್ಡೆಯನ್ನು ಸೀಗೆಪುಡಿಗೆ ಸೇರಿಸಿಕೊಳ್ಳಿ, ಒಳ್ಳೆಯ ಪರಿಮಳ.

ಈಗ ಒಂದು ಚಿಟ್ಟೆಯ ವಿಷಯ ಹೇಳುತ್ತೇನೆ, ಕೇಳಿ. ಎಕ್ಕದ ಗಿಡದ ಮೇಲೆ ಕಪ್ಪು, ಹಳದಿ, ಬಿಳಿ ಪಟ್ಟೆಯ ಹುಳು ಇರುತ್ತದಲ್ಲ, ಅದು ಬೆಳೆದು ಕಿತ್ತಳೆ ಬಣ್ಣದ, ರೆಕ್ಕೆಯ ತುದಿ ಕಪ್ಪಗಿರುವ ಚಿಟ್ಟೆಯಾಗುತ್ತದೆ. ಎಕ್ಕದ ಹಾಲಿನ ವಿಷ ಮೈಯಲ್ಲಿರುವುದರಿಂದ ಹಕ್ಕಿಗಳು ಅದನ್ನು ತಿನ್ನುವುದಿಲ್ಲ. ಇನ್ನೊಂದು ಜಾತಿಯ ಚಿಟ್ಟೆಯ ಹೆಣ್ಣು ತನ್ನಲ್ಲಿ ವಿಷವಿಲ್ಲದಿದ್ದರೂ ಅಚ್ಚು ಅದೇ ಕಿತ್ತಳೆ ವೇಷ ಹಾಕಿ ಹಕ್ಕಿಗಳಿಂದ ಪಾರಾಗುತ್ತದೆ. ಅದರ ಮರಿಹುಳು ತಿನ್ನುವುದು ಯಾವುದನ್ನು ಗೊತ್ತೇ? ಗೋಣಿ ಸೊಪ್ಪನ್ನು. ಎಕ್ಕ ಒಂದು ಮೂಲೆಯಲ್ಲಿ, ಗೋಣಿ ಸೊಪ್ಪು ಇನ್ನೊಂದು ಮೂಲೆಯಲ್ಲಿ ಇರುವವರೆಗೆ ಪ್ರಕೃತಿಯ ಈ ಜೋಡಿಯಾಟ ನಿಮ್ಮ ಹಿತ್ತಲಲ್ಲೇ ನಡೆಯುತ್ತದೆ. ಇಂಥದ್ದನ್ನು ಮಕ್ಕಳಿಗೆ ಟಿವಿಯಲ್ಲಿ ತೋರಿಸುವ ನಾವು ಬಾಗಿಲ ಆಚೆ ತೋರಿಸುವುದಿಲ್ಲ. ಹುಳಿ ಸೊಪ್ಪು ಎಂದು ಮಕ್ಕಳು ಅಗಿಯುವ, ಹೃದಯದಾಕಾರದ ಮೂರೆಲೆಯ ಪುಟ್ಟ ಗಿಡವೂ ಉಗುರಿನಷ್ಟು ಅಗಲದ ನೀಲಿ ಚಿಟ್ಟೆಯೊಂದರ ತವರು.

ಕ್ಯಾನಿನಲ್ಲಿ ಏನಿದೆ ಎಂಬುದನ್ನೂ ತಿಳಿದುಕೊಳ್ಳಿ. 2,4-ಡಿ ಎಂಬುದು ಅಗಲ ಎಲೆಯ ಗಿಡಗಳನ್ನು ಸಾಯಿಸಿ ಹುಲ್ಲನ್ನು ಬಿಡುತ್ತದೆ. ಎಂದರೆ ನಿಮ್ಮ ಸಾರಿನ ಸೊಪ್ಪೆಲ್ಲ ಹೋಗಿ ಗರಿಕೆ ಉಳಿಯುತ್ತದೆ. ಗ್ಲೈಫೋಸೇಟ್ ಹಸಿರಾದ ಯಾವುದನ್ನೂ ಬಿಡುವುದಿಲ್ಲ. ಅದು ಮನುಷ್ಯರಲ್ಲಿ ಕ್ಯಾನ್ಸರ್ ತರುವ ಸಂಭವವಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ವರ್ಗೀಕರಿಸಿತು. ಕೀಟ ನಿಯಂತ್ರಣದ ಪರವಾನಗಿ ಇರುವವರ ಹೊರತು ಬೇರೆ ಯಾರೂ ಅದನ್ನು ಬಳಸಬಾರದು ಎಂದು ಕೇಂದ್ರ ಕೃಷಿ ಸಚಿವಾಲಯ 2022ರ ಅಕ್ಟೋಬರಿನಲ್ಲಿ ಅಧಿಸೂಚನೆ ಹೊರಡಿಸಿತು. ಪ್ಯಾರಾಕ್ವಾಟ್ ಇನ್ನೂ ಭಯಂಕರ. ಹೊಟ್ಟೆಗೆ ಹೋದರೆ ಅದಕ್ಕೆ ಪ್ರತಿವಿಷವೇ ಇಲ್ಲ. ಇಂಥದ್ದನ್ನು ಖಾಲಿ ನೀರಿನ ಬಾಟಲಿಗೆ ಬಗ್ಗಿಸಿ ಬಚ್ಚಲ ಮಾಡದ ಮೇಲೆ ಇಡುವ ಮನೆಗಳಿವೆ. ದಯವಿಟ್ಟು ಹಾಗೆ ಮಾಡಬೇಡಿ, ಮನೆಯಲ್ಲಿ ಮಕ್ಕಳಿರುತ್ತಾರೆ. ಹೊಡೆಸಿದ ಮೇಲೆ ಬೋಳಾದ ನೆಲಕ್ಕೆ ಮೊದಲು ಬಂದು ಕೂರುವವರಲ್ಲಿ ಪಾರ್ಥೇನಿಯಮ್ಮೇ ಮುಂದು, ಏಕೆಂದರೆ ಅದಕ್ಕೆ ಬೇಕಾದದ್ದೇ ಪೈಪೋಟಿ ಇಲ್ಲದ ಬೋಳು ನೆಲ. ಯಾವುದಕ್ಕೆ ಹೆದರಿ ದುಡ್ಡು ಕೊಟ್ಟೆವೋ ಅದಕ್ಕೇ ಮಣೆ ಹಾಕಿಕೊಟ್ಟಂತಾಯಿತು.

ಹೀಗೆ ವಿಷ ಬಿದ್ದ ಹಿತ್ತಲಿನಿಂದ ಆ ಮಳೆಗಾಲದಲ್ಲಿ ಯಾವ ಸೊಪ್ಪನ್ನೂ ಕೊಯ್ಯಬೇಡಿ. ರಸ್ತೆಬದಿಯಲ್ಲಿ, ಚರಂಡಿಯ ದಂಡೆಯಲ್ಲಿ ಬೆಳೆದದ್ದನ್ನೂ ಅಡುಗೆಗೆ ತರಬೇಡಿ. ಮತ್ತೆ ಇನ್ನೊಂದು ಮಾತು, ಈ ಪತ್ರ ಓದಿ ಯಾವ ಗಿಡವನ್ನೂ ಬಾಯಿಗೆ ಹಾಕಿಕೊಳ್ಳಬೇಡಿ. ಓದಿ ಗುರುತಿಸಿದ್ದು ಸಾಲದು. ಬಲ್ಲವರು ನಿಮ್ಮ ಎದುರಿಗೆ ಕೈಯಲ್ಲಿ ಹಿಡಿದು ತೋರಿಸಬೇಕು.

ಕಡೂರು, ತರೀಕೆರೆ ಪುರಸಭೆಯವರಲ್ಲೂ ಅಜ್ಜಂಪುರ ಪಟ್ಟಣ ಪಂಚಾಯಿತಿಯವರಲ್ಲೂ ನನ್ನದೊಂದು ವಿನಂತಿ. ಆಗಸ್ಟಿನಲ್ಲಿ ಪಾರ್ಥೇನಿಯಂ ಜಾಗೃತಿ ಸಪ್ತಾಹ ನಡೆಯುತ್ತದೆ. ಆ ಹೊತ್ತಿಗೆ ನಮ್ಮಲ್ಲಿ ಎಷ್ಟೋ ಗಿಡ ಹೂಬಿಟ್ಟಾಗಿರುತ್ತದೆ. ಜೂನಿನಲ್ಲೇ, ಅದು ಚಕ್ರದಂತೆ ನೆಲಕ್ಕೆ ಮಲಗಿರುವಾಗಲೇ, ಖಾಲಿ ಸೈಟುಗಳಲ್ಲಿ ಕೀಳಿಸುವ ವ್ಯವಸ್ಥೆ ಮಾಡಿ, ಕಿತ್ತವರಿಗೆ ಗ್ಲೌಸು ಕೊಡಿ. ಶಾಲೆಯ ಮೇಷ್ಟ್ರುಗಳಲ್ಲಿ, ಟೀಚರುಗಳಲ್ಲಿ ಇನ್ನೊಂದು ಕೋರಿಕೆ: ವರ್ಷದಲ್ಲಿ ಒಂದು ದಿನ, ಕಳೆ ಕೀಳುವ ಅವ್ವಂದಿರಲ್ಲಿ ಒಬ್ಬರನ್ನು ಶಾಲೆಗೆ ಕರೆಸಿ, ಕುರ್ಚಿ ಹಾಕಿ ಕೂರಿಸಿ, ಮಕ್ಕಳಿಗೆ ಮೈದಾನದ ಗಿಡಗಳ ಹೆಸರು ಹೇಳಿಸಿ. ಅವರು ಹೋದ ಮೇಲೆ ಹೇಳಿಕೊಡುವವರು ಯಾರೂ ಇರುವುದಿಲ್ಲ.

ಅಣ್ಣಂದಿರೇ, ಅಕ್ಕಂದಿರೇ, ನಿಮ್ಮಲ್ಲಿ ಕೇಳುವುದು ಇಷ್ಟೇ. ಈ ಮಳೆಗಾಲದಲ್ಲಿ ಕ್ಯಾನು ತರಬೇಡಿ. ಪಾರ್ಥೇನಿಯಂ ಹೂ ಬಿಡುವ ಮೊದಲು ಬೇರು ಸಮೇತ ಕೀಳಿ. ನೆಗ್ಗಿಲು ಮುಳ್ಳು ಮಕ್ಕಳ ಕಾಲಿಗೆ ಚುಚ್ಚುವ ಕಡೆ ಇದ್ದರೆ ತೆಗೆಯಿರಿ, ನಡೆದಾಡುವ ದಾರಿಯನ್ನು ಹಾವು ಚೇಳು ಕಾಣುವಂತೆ ಸವರಿಕೊಳ್ಳಿ. ಉಳಿದ ಗಿಡಗಳ ಹೆಸರು ನಿಮಗೆ ಗೊತ್ತಾಗುವವರೆಗೆ ಅವುಗಳಿಗೆ ಕೈ ಹಚ್ಚಬೇಡಿ. ಗೊತ್ತಿಲ್ಲದಿದ್ದರೆ ನಾಳೆ ಬೆಳಗ್ಗೆ ಪಕ್ಕದ ಮನೆಯ ಅಜ್ಜಿಯನ್ನು ಹಿತ್ತಲಿಗೆ ಕರೆದು ಕೇಳಿ.

ಇಂತಿ,
ನಿಮ್ಮ ನೆರೆಯೂರಿನ ಒಬ್ಬರು